ತಾನಾಗಿಯೇ ಒಡೆದ ಗಡಿಗೆ

ಹವ್ಯಾಸ ಎನ್ನುವುದು ಬಿಡುವಿದ್ದವರಿಗೆ ಬರುವ ಕಾಯಿಲೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅದು ಬಿಡುವಿಲ್ಲದವರಿಗೂ ಬರುತ್ತದೆ, ಬಂದ ಮೇಲೆ ಮನೆಯಲ್ಲಿ ಉಳಿದವರಿಗೂ ಬಿಡುವಿಲ್ಲದಂತೆ ಮಾಡುತ್ತದೆ ಎಂಬುದು ಈಚೆಗೆ ತಿಳಿಯಿತು. ನಮ್ಮ ವಿದ್ಯಾನಗರದ ಬೀದಿಯನ್ನೇ ತೆಗೆದುಕೊಳ್ಳಿ. ಐವತ್ತು ದಾಟಿದ ಗಂಡಸರು ಮೊದಲೆಲ್ಲ ಸಂಜೆ ಕಾಂಪೌಂಡಿಗೆ ಒರಗಿ ನಿಂತು ತಮ್ಮ ತಮ್ಮ ಸಕ್ಕರೆ, ರಕ್ತದೊತ್ತಡಗಳ ಅಂಕಿಗಳನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಈಗ ಒಬ್ಬರು ಮಹಡಿಯ ಮೇಲೆ ಅಣಬೆ ಬೆಳೆಯುತ್ತಾರೆ, ಇನ್ನೊಬ್ಬರು ಕೊಳಲು ಕಲಿಯುತ್ತಾರೆ. ಅಣಬೆಯವರ ಮನೆಗೆ ಯಾರೂ ಊಟಕ್ಕೆ ಹೋಗುವುದಿಲ್ಲ. ಕೊಳಲಿನವರ ಪಕ್ಕದ ಮನೆಗೆ ಬಾಡಿಗೆದಾರರು ನಿಲ್ಲುವುದಿಲ್ಲ. ಇವರಿಬ್ಬರನ್ನೂ ನೋಡಿ ನಾನು ನಗುತ್ತಿದ್ದೆ. ಆಮೇಲೆ ಗಡಿಗೆ ಮಾಡಲು ಕುಳಿತೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಅದು ನನ್ನ ವೃತ್ತಿಯ ಅಭ್ಯಾಸ. ನಾನು ವಾಹನ ವಿಮೆಯ ಸರ್ವೇಯರ್. ಎಲ್ಲಿಯಾದರೂ ಕಾರು ಗುದ್ದಿದರೆ, ಟ್ರ್ಯಾಕ್ಟರ್ ಮಗುಚಿದರೆ ಅಲ್ಲಿಗೆ ಹೋಗಿ, ಸುತ್ತ ನಡೆದು, ಬಗ್ಗಿ ನೋಡಿ, ಫೋಟೋ ತೆಗೆದು, ಏನು ಒಡೆದಿದೆ, ಹೇಗೆ ಒಡೆದಿದೆ, ಯಾರಿಂದ ಒಡೆದಿದೆ ಎಂದು ವರದಿ ಕೊಡುವವನು. ಈ ಕೆಲಸದಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತೆಂದರೆ, "ತಾನಾಗೇ ಒಡೀತು ಸಾರ್." ನಿಲ್ಲಿಸಿದ ಕಾರಿನ ಗಾಜು ತಾನಾಗೇ ಒಡೆಯುತ್ತದೆ. ಹೊಸ ಬಂಪರು ತಾನಾಗೇ ಕಳಚಿ ಬೀಳುತ್ತದೆ. ಗುತ್ತೂರಿನಲ್ಲಿ ಇಟ್ಟಿಗೆ ಭಟ್ಟಿ ಇಟ್ಟುಕೊಂಡಿರುವ ಹಾಲಪ್ಪ ಎಂಬುವವನ ಟ್ರ್ಯಾಕ್ಟರಿನ ಎರಡೂ ಹೆಡ್‌ಲೈಟು ಒಮ್ಮೆ ಹಾಗೆ ಒಡೆದಿದ್ದವು. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತೇ ಇತ್ತಂತೆ. ಶೆಡ್ಡಿನ ಗೋಡೆಯಲ್ಲಿ ಸರಿಯಾಗಿ ಹೆಡ್‌ಲೈಟಿನ ಎತ್ತರಕ್ಕೆ ಎರಡು ತೂತುಗಳಿದ್ದವು. ಯಾವ ವಸ್ತುವೂ ತಾನಾಗಿ ಒಡೆಯುವುದಿಲ್ಲ, ಹಿಂದೆ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ ಎಂದು ಹಾಲಪ್ಪನಿಗೆ ಒಂದು ಸಣ್ಣ ಭಾಷಣ ಕೊಟ್ಟು, ಅವನ ಅರ್ಜಿಯನ್ನು ತಳ್ಳಿಹಾಕಿ ಬಂದಿದ್ದೆ. ಆ ಭಾಷಣ ನನಗೆ ಬಹಳ ಇಷ್ಟವಾಗಿತ್ತು. ಈಗ ಲೋಟವನ್ನು ಮೇಜಿನ ಮೇಲೆ ಇಡುವಾಗಲೂ ಎರಡು ಕೈ ಬಳಸುತ್ತೇನೆ.

ಎಲ್ಲ ಶುರುವಾದದ್ದು ಫೋನಿನಲ್ಲಿ. ಶುಭ್ರ ಬಿಳಿ ಅಂಗಿ ತೊಟ್ಟ ಒಬ್ಬ ಹುಡುಗಿ, ಹಿಂದೆ ಮೆಲ್ಲಗೆ ಸಂಗೀತ, ಅವಳ ಬೆರಳುಗಳ ನಡುವೆ ಒಂದು ಮಣ್ಣಿನ ಮುದ್ದೆ ನಿದ್ದೆಯಿಂದ ಏಳುವ ಮಗುವಿನ ಹಾಗೆ ಎದ್ದು ಹೂಜಿಯಾಗುತ್ತದೆ. ಅಂಗಿಗೆ ಒಂದು ಚುಕ್ಕೆ ಮಣ್ಣು ತಾಗುವುದಿಲ್ಲ. 'ಕಡಿಮೆ ಖರ್ಚಿನಲ್ಲಿ ಕುಂಬಾರಿಕೆ. ಬೇಕಾದದ್ದೆಲ್ಲ ನಿಮ್ಮ ಮನೆಯಲ್ಲೇ ಇದೆ' ಎಂದು ಅವಳು ಹೇಳಿದಳು. ದಿನವಿಡೀ ಒಡೆದದ್ದನ್ನೇ ನೋಡಿ ಬರುವ ನನಗೆ, ಏನಾದರೂ ಒಂದು ರೂಪುಗೊಳ್ಳುವುದನ್ನು ಎಷ್ಟು ಸಲ ನೋಡಿದರೂ ಸಾಕಾಗಲಿಲ್ಲ. ಆ ಕ್ಷಣದಲ್ಲಿ ಅಂಗಿಯ ಬಗ್ಗೆ ಅನುಮಾನ ಬರಬೇಕಿತ್ತು. ಅನುಮಾನಿಸುವುದೇ ನನ್ನ ಸಂಬಳದ ಕೆಲಸ. ಬರಲಿಲ್ಲ.

ಬೇಕಾದದ್ದೆಲ್ಲ ಮನೆಯಲ್ಲೇ ಇತ್ತು ಎಂಬುದು ನಿಜ. ಆದರೆ ಅದೆಲ್ಲ ನನ್ನ ಹೆಂಡತಿ ಶೈಲಜಾಳದ್ದು. ಮಣ್ಣು ಲಟ್ಟಿಸಲು ಅವಳ ಲಟ್ಟಣಿಗೆ, ಗೆರೆ ಎಳೆಯಲು ಅವಳ ಫೋರ್ಕು, ನೀರಿಗೆ ಅವಳ ಹಿಟ್ಟಿನ ಪಾತ್ರೆ, ಮಣ್ಣು ಒಣಗದಂತೆ ಮುಚ್ಚಲು ಅವಳ ಹಳೆಯ ಸೀರೆ. ಆ ಸೀರೆ ಹಳೆಯದಲ್ಲ ಎಂದು ಆಮೇಲೆ ಗೊತ್ತಾಯಿತು. ಕಡಿಮೆ ಖರ್ಚಿನ ಹವ್ಯಾಸ ಎಂದರೆ ಇನ್ನೊಬ್ಬರ ಸಾಮಾನಿನಿಂದ ನಡೆಸುವ ಹವ್ಯಾಸ. ಇದನ್ನು ಯಾವ ವಿಡಿಯೋದಲ್ಲೂ ಬಿಡಿಸಿ ಹೇಳುವುದಿಲ್ಲ.

ಮನೆಯಲ್ಲಿ ಇಲ್ಲದಿದ್ದುದು ಎರಡೇ: ಮಣ್ಣು ಮತ್ತು ಕುಂಬಾರರ ಚಕ್ರ, ಅಂದರೆ ತಿಗರಿ. ಮಣ್ಣಿಗಾಗಿ ಹರಿಹರಕ್ಕೆ ಹೋದೆ. ಹೊಳೆಯ ಕಡೆ ಹೋಗುವ ಓಣಿಯಲ್ಲಿ ಕುಂಬಾರರ ಗೌರಮ್ಮನ ಅಂಗಡಿ. ಮುಂದೆ ಕುತ್ತಿಗೆಗೆ ಗೆರೆ ಎಳೆದ ಗಡಿಗೆ, ಹಣತೆ, ಹೂಕುಂಡ, ಒಲೆ ಸಾಲಾಗಿದ್ದವು. ಅವುಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೌರಮ್ಮ ಫೋನು ನೋಡುತ್ತ ಕುಳಿತಿದ್ದಳು. ಪರಂಪರೆ, ಮಣ್ಣಿನ ವಾಸನೆ, ಕೈಯ ಕಸುಬು ಎಂದು ದಾರಿಯುದ್ದಕ್ಕೂ ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದ ಮಾತುಗಳನ್ನು ನಾನು ತೆಗೆದೆ. ಅವಳು ಪೂರ್ತಿ ಕೇಳಿಸಿಕೊಂಡು, "ಮಣ್ಣು ಯಾಕ್ರಿ? ಗಿಡಕ್ಕೋ, ತಲಿಗೋ?" ಎಂದಳು. ಈಗ ಹೆಂಗಸರು ತಲೆಗೆ ಹಚ್ಚಿಕೊಳ್ಳಲು ಮಣ್ಣು ಕೇಳಿಕೊಂಡು ಬರುತ್ತಾರಂತೆ.

"ಗಡಿಗೆ ಮಾಡೋಕೆ," ಎಂದೆ.

"ಅಯ್ಯ, ಇಲ್ಲಿ ಅದಾವಲ್ರಿ! ತಗಂಡು ಹೋಗ್ರಿ."

"ನಾನೇ ಮಾಡಬೇಕು ಅಂತ."

ಗೌರಮ್ಮ ಫೋನನ್ನು ಮಡಿಲಿಗೆ ಹಾಕಿಕೊಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ಗುದ್ದಿಸಿಕೊಂಡು ಬಂದ ವಾಹನವನ್ನು ಹಾಗೆಯೇ ನೋಡುತ್ತೇನೆ. "ನಮ್ಮ ಹುಡುಗ್ರು ಬ್ಯಾಡ ಅಂತ ಬಿಟ್ಟಾರೆ. ಇವು ಅರ್ಧ ಬ್ಯಾರೆ ಊರಿಂದ ಲಾರ್‍ಯಾಗೆ ಬರ್ತಾವೆ. ನೀವು ನೌಕರಿ ಇದ್ದೋರು ಹಿಡದೀರಿ. ಬರ್ರಿ, ಕೂಡ್ರಿ, ಚಾ ಕುಡೀರಿ, ಪಾಪ," ಎಂದಳು. ಆ ಕೊನೆಯ 'ಪಾಪ' ನನಗೋ, ಮಣ್ಣಿಗೋ ಗೊತ್ತಾಗಲಿಲ್ಲ. ಮಣ್ಣಿನ ಚೀಲಕ್ಕೆ ಅವಳು ಹೇಳಿದ ಬೆಲೆಗೆ ನಾನು ಚೌಕಾಸಿ ಮಾಡಿದೆ. ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ, ಮಾಲಿನಲ್ಲಿ ಚಪ್ಪಲಿಗೆ ಬಾಯಿ ಬಿಡದವನು ಹೊಳೆಯ ಮಣ್ಣಿಗೆ ಬಾಯಿ ಬಿಟ್ಟೆ. ಕೈಕಸುಬನ್ನು ಗೌರವಿಸುವವರು ನಾವು, ಗೌರವಕ್ಕೆ ಖರ್ಚಿಲ್ಲವಲ್ಲ.

ತಿಗರಿಯನ್ನು ಮಾಡಿಕೊಟ್ಟವರು ಬಾಷಾ ಭಾಯ್. ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವರದು. ನನ್ನ ಸ್ಕೂಟರು ನಿಂತಲ್ಲೆಲ್ಲ ಬಂದು ನೋಡಿದ ಹಳೆಯ ಸ್ನೇಹ. ಹೊಸ ತಿಗರಿಯ ಬೆಲೆ ಕೇಳಿ ನಾನು ಬೆವರಿದ್ದನ್ನು ನೋಡಿ, "ಟೆನ್ಶನ್ ಬ್ಯಾಡ ಸಾಬ್, ತಿರುಗೋದು ತಾನೆ? ತಿರುಗಿಸಿ ಕೊಡ್ತೀನಿ," ಎಂದರು. ಯಾರೋ ಗುಜರಿಗೆ ಹಾಕಿದ್ದ ವಾಷಿಂಗ್ ಮಷಿನ್ನಿನ ಬಟ್ಟೆ ಒಣಗಿಸುವ ಭಾಗವನ್ನು ಕತ್ತರಿಸಿ, ಅದರ ಮೇಲೆ ಒಂದು ದುಂಡನೆಯ ಕಬ್ಬಿಣದ ತಟ್ಟೆ ಕೂರಿಸಿ, ಆಟೋದಲ್ಲಿ ತಂದು ನಮ್ಮ ಮಹಡಿಯ ಮೇಲೆ ಇಳಿಸಿದರು.

"ಎಷ್ಟು ಸ್ಪೀಡ್ ಐತೆ ಭಾಯ್?" ಎಂದು ಕೇಳಿದೆ.

"ದೋ ಸ್ಪೀಡ್ ಐತೆ ಸಾಬ್. ಬಂದ್, ಔರ್ ಚಾಲೂ."

ಮೊದಲ ದಿನ ಮಣ್ಣಿನ ಮುದ್ದೆ ಇಟ್ಟು ಸ್ವಿಚ್ ಒತ್ತಿದೆ. ಮುದ್ದೆ ಅಲ್ಲಿ ಇರಲಿಲ್ಲ. ಅದರ ಒಂದು ಭಾಗ ನನ್ನ ಕನ್ನಡಕದ ಮೇಲೆ, ಒಂದು ಭಾಗ ನೀರಿನ ಟ್ಯಾಂಕಿನ ಮೇಲೆ, ಉಳಿದದ್ದು ಪಕ್ಕದ ಮನೆಯವರು ಆಗಷ್ಟೇ ಒಣಹಾಕಿದ್ದ ಬಿಳಿ ಪಂಚೆಗಳ ಮೇಲೆ. ಆ ಯಂತ್ರ ತನ್ನ ಹಿಂದಿನ ಕೆಲಸವನ್ನು ಮರೆತಿರಲಿಲ್ಲ. ಒಳಗೆ ಹಾಕಿದ್ದರ ನೀರು ತೆಗೆಯುವುದೇ ತನ್ನ ಧರ್ಮ ಎಂದುಕೊಂಡಿತ್ತು. ಬಾಷಾ ಭಾಯ್ ಮತ್ತೆ ಬಂದು ಹಳೆಯ ಫ್ಯಾನಿನದೊಂದು ರೆಗ್ಯುಲೇಟರನ್ನು ತಂದು, ಅದನ್ನು ಮಹಡಿಯ ಪ್ಲಗ್ಗಿನ ಪಕ್ಕದ ಹಲಗೆಗೆ ಹೊಡೆದರು. ಅದರ ಕಿವಿ ಹಿಂಡಿದರೆ ತಟ್ಟೆ ಮನುಷ್ಯರ ವೇಗಕ್ಕೆ ಇಳಿಯುತ್ತಿತ್ತು. ಈ ರೆಗ್ಯುಲೇಟರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಆಮೇಲೆ ನನ್ನ ಬೂದಿಬಟ್ಟಲುಗಳ ಕಾಲ ಬಂತು. ಹೂಜಿ ಎಂದು ಶುರುಮಾಡಿದ್ದು ಕುತ್ತಿಗೆ ಮುರಿದು ಗಡಿಗೆಯಾಗುತ್ತಿತ್ತು, ಗಡಿಗೆ ಹೊಟ್ಟೆ ಕುಸಿದು ಬಟ್ಟಲಾಗುತ್ತಿತ್ತು, ಬಟ್ಟಲು ಅಂಚು ಒರಗಿ ಕೊನೆಗೆ ಸಿಗರೇಟು ಆರಿಸುವ ತಟ್ಟೆಯಾಗಿ ನಿಲ್ಲುತ್ತಿತ್ತು. ನಮ್ಮ ಮನೆತನದಲ್ಲಿ ಯಾರೂ ಸಿಗರೇಟು ಸೇದುವುದಿಲ್ಲ. ಹಾಗಾಗಿ ಅವನ್ನು ಉಡುಗೊರೆ ಕೊಡತೊಡಗಿದೆ. ಕೊಡುವಾಗ ಅದು ಏನೆಂದು ಹೇಳದೆ, ತೆಗೆದುಕೊಂಡವರು ಏನೆಂದು ಊಹಿಸುತ್ತಾರೋ ಅದನ್ನೇ ಒಪ್ಪಿಕೊಳ್ಳುವುದನ್ನು ಕಲಿತೆ. ನನ್ನ ಆಫೀಸಿನ ಮ್ಯಾನೇಜರು, "ಓಹೋ, ಪೇಪರ್ ವೇಟ್!" ಎಂದರು. ಅದು ಹೂದಾನಿಯಾಗಿತ್ತು. "ಹೌದು ಸಾರ್, ಹೆವಿ ಇದೆ," ಎಂದೆ. ನಮ್ಮಲ್ಲಿ ಕೈಯಿಂದ ಮಾಡಿದ್ದು ಎಂದರೆ ಯಾರೂ ಬೈಯುವುದಿಲ್ಲ. ಒಂದು ಕಡೆ ಇಟ್ಟು, ನೀವು ಬಂದಾಗ ಹೊರಗೆ ತೆಗೆಯುತ್ತಾರೆ. ಮುನ್ಸೂಚನೆ ಕೊಡದೆ ಹೋದರೆ ಬೆಕ್ಕು ಅದರಲ್ಲಿ ಹಾಲು ಕುಡಿಯುತ್ತಿರುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಇಲ್ಲಿಯವರೆಗೆ ಯಾರಿಗೂ ದೊಡ್ಡ ಹಾನಿ ಇರಲಿಲ್ಲ. ಹಾನಿ ಬಂದದ್ದು ಸರಸ್ವತಿ ನಗರದಿಂದ. ಶೈಲಜಾಳ ಅಕ್ಕ ಗಿರಿಜಕ್ಕ ಅಲ್ಲಿರುತ್ತಾರೆ. ಅವರ ಮಗಳು ಪೂಜಾಳಿಗೆ ಮದುವೆ ಗೊತ್ತಾಗಿತ್ತು, ಕರೆಯಲು ಬಂದಿದ್ದರು. ಗಿರಿಜಕ್ಕ ನನ್ನನ್ನು ಮೊದಲಿನಿಂದಲೂ 'ಸರ್ವೇಯರ್ ಸಾಹೇಬ್ರು' ಎಂದೇ ಕರೆಯುವುದು. ಅದು ಗೌರವವಲ್ಲ. ಅವರ ಗಂಡ ಮನೆ ಕಟ್ಟಿಸುವ ಗುತ್ತಿಗೆದಾರರು. ನಾನು ಒಡೆದದ್ದರ ಲೆಕ್ಕದವನು. ಆ ದಿನ ಷೋಕೇಸಿನಲ್ಲಿದ್ದ ನನ್ನ ಒಂದು ಕೃತಿಯನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, "ಇದು ಒಡೆದಿದ್ದೋ, ಮಾಡಿದ್ದೋ?" ಎಂದರು. ನಾನು ನಕ್ಕೆ. ಅವರು ಅಷ್ಟಕ್ಕೆ ನಿಲ್ಲಿಸಲಿಲ್ಲ. "ಅಲ್ಲ ಶೈಲಾ, ನಿನ್ನ ಗಂಡ ಹುಟ್ಟಿದಾಗಿಂದ ಒಡೆದದ್ದು ನೋಡ್ಯಾನೆ, ಒಂದಾರ ನಿಲ್ಲಂಗೆ ಮಾಡ್ಯಾನಾ? ಪಾಪ, ಮಹಡಿ ಮ್ಯಾಲೆ ಮಣ್ಣಾಡ್ಲಿ ಬಿಡು. ಹೊರಗ ಹೋಗಿ ಆಡಾಕಿಂತ ಚೊಲೊ."

ಶೈಲಜಾ ಅದುವರೆಗೂ ನನ್ನ ಕುಂಬಾರಿಕೆಗೆ ಅವರಿಗಿಂತ ಖಾರವಾದ ಮಾತುಗಳನ್ನೇ ಆಡಿದ್ದಳು. ಆದರೆ ಆ ಹಕ್ಕು ತನ್ನೊಬ್ಬಳದು ಎಂದು ಅವಳ ನಂಬಿಕೆ. ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಳು. "ನಿನ್ನ ಮಗಳ ಮದುವಿ ಐರಾಣಿ ನಮ್ಮನಿಂದ ಬರ್ತೈತೆ. ಇವ್ರೇ ಮಾಡ್ತಾರೆ. ವಾಲಗ ತಗಂಡು ಬಾ," ಎಂದಳು.

ನಮ್ಮ ಕಡೆಯ ಮದುವೆ ಕಾಣದವರಿಗಾಗಿ ಹೇಳುತ್ತೇನೆ. ಮದುವೆಗೆ ಮುಂಚೆ ಹೆಂಗಸರು ವಾಲಗದೊಂದಿಗೆ ಕುಂಬಾರರ ಮನೆಗೆ ಹೋಗಿ, ತಿಗರಿಗೆ ಪೂಜೆ ಮಾಡಿ, ಮನೆಯಾಕೆಗೆ ಉಡಿ ತುಂಬಿ, ಸುಣ್ಣ ಮತ್ತು ಕೆಮ್ಮಣ್ಣಿನ ಚಿತ್ತಾರ ಬರೆದ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ತರುತ್ತಾರೆ. ಆ ಗಡಿಗೆಗಳೇ ಐರಾಣಿ. ಅವನ್ನು ದೇವರ ಮುಂದೆ ಕೂರಿಸಿದ ಮೇಲೆಯೇ ಉಳಿದದ್ದು. ಬಿರುಕು ಬಿಟ್ಟ ಐರಾಣಿಯನ್ನು ಯಾರೂ ತರುವುದಿಲ್ಲ. ಒಡೆದರಂತೂ ಮದುವೆಯ ಊಟಕ್ಕಿಂತ ಮೊದಲು ಸುದ್ದಿ ಬಡಿಸಿ ಮುಗಿದಿರುತ್ತದೆ. ಶೈಲಜಾ ಗಿರಿಜಕ್ಕನ ಮುಂದೆ ಪಣಕ್ಕಿಟ್ಟದ್ದು ಬರೀ ನನ್ನ ಗಡಿಗೆಯನ್ನಲ್ಲ. ತವರಿನಲ್ಲಿ ಇಷ್ಟು ವರ್ಷ ಕೇಳಿಕೊಂಡು ಬಂದ ಆ ಒಂದು ಮಾತಿಗೆ ಕೊಡುವ ಉತ್ತರವನ್ನು. ಗಿರಿಜಕ್ಕ ಹೋದ ಮೇಲೆ ನಾನು, "ಯಾಕ ಹಂಗಂದೆ?" ಎಂದು ಕೇಳಿದೆ. ಅವಳು ಸೌಟನ್ನು ತೊಳೆಯುತ್ತ, "ಒಂದ್ಸಲ ನಿಲ್ಲಂಗೆ ಮಾಡ್ರಿ," ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಮಾರನೆಯ ದಿನ ಅವಳು ಹರಿಹರೇಶ್ವರನ ದರ್ಶನಕ್ಕೆ ಹೋಗಿ ಬಂದಳು. ಕೆಲವು ವಾರಗಳ ನಂತರ ಮತ್ತೊಮ್ಮೆ ಹೋಗಿ, ಒಂದು ಭಾರವಾದ ಚೀಲವನ್ನು ಆಟೋದಿಂದ ಜೋಪಾನವಾಗಿ ಇಳಿಸಿಕೊಂಡು ಒಳಗೆ ಒಯ್ದಳು. "ಏನದು?" ಎಂದರೆ, "ಪ್ರಸಾದ," ಎಂದಳು. ದೇವರು ಅಷ್ಟು ಪ್ರಸಾದ ಕೊಡುವುದನ್ನು ನಾನು ನೋಡಿರಲಿಲ್ಲ. ಆದರೂ ಮುಂದೆ ಕೇಳಲಿಲ್ಲ. ಹರಕೆ ಹೊತ್ತಿದ್ದಾಳೆ, ಪಾಪ, ನನ್ನ ಕೈಗುಣಕ್ಕಾಗಿ ಎಂದುಕೊಂಡು ಇನ್ನೂ ಗಂಭೀರನಾದೆ.

ಗಂಭೀರನಾಗಿ ಕುಳಿತದ್ದರಿಂದ ಗಡಿಗೆಗಳು ನಿಜಕ್ಕೂ ಗಡಿಗೆಗಳಂತೆ ಬರತೊಡಗಿದವು. ಬೇಕಾದದ್ದು ಐದು, ಅದರ ಎಷ್ಟೋ ಪಟ್ಟು ಮಾಡಿ ಒಣಗಿಸಿದೆ. ಬೂದಿಬಟ್ಟಲುಗಳನ್ನು ಹೇಗೋ ಮಹಡಿಯ ಮೇಲೆ ಬೆರಣಿಯ ಬೆಂಕಿಯಲ್ಲಿ ಸುಟ್ಟಿದ್ದೆ; ಇಷ್ಟು ಗಡಿಗೆ ಸುಡುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ಇಟ್ಟಿಗೆಗಳ ಜೊತೆ ಸುಟ್ಟರೆ ಅಗ್ಗವಾಗುತ್ತದೆ ಎಂದು ಯಾರೋ ಹೇಳಿದರು. ಹಾಗಾಗಿ ಗುತ್ತೂರಿಗೆ, ಅದೇ ಹಾಲಪ್ಪನ ಭಟ್ಟಿಗೆ, ಹೋಗಬೇಕಾಯಿತು. ನನ್ನನ್ನು ಕಂಡು ಅವನ ಮುಖ ಅರಳಿತು. ತಳ್ಳಿಹಾಕಿದ ಅರ್ಜಿಯ ಮಾತೇ ಎತ್ತದೆ, ಕುರ್ಚಿ ತರಿಸಿ, ಮಂಡಕ್ಕಿ ಮಿರ್ಚಿ ತರಿಸಿ, "ಇಟ್ಟಿಗಿ ನಡುವೆ ಇಟ್ಟು ಸುಡ್ತೀನಿ ಸಾರ್, ನಮ್ಮದೇನ್ ಗಂಟು ಹೋಗ್ತೈತೆ?" ಎಂದ. ಇಷ್ಟು ಒಳ್ಳೆಯವನಿಗೆ ಅನ್ಯಾಯ ಮಾಡಿದೆನೇನೋ ಎಂದು ಮಿರ್ಚಿ ತಿನ್ನುತ್ತ ನನಗೆ ಅನ್ನಿಸಿತು.

ಭಟ್ಟಿ ಆರಿದ ಮೇಲೆ ಕರೆ ಬಂತು. ಹೋಗಿ ನೋಡಿದರೆ ನನ್ನ ಗಡಿಗೆಗಳಲ್ಲಿ ಹೆಚ್ಚಿನವು ಒಂದು ಪುಟ್ಟ ಗುಡ್ಡವಾಗಿದ್ದವು. ಹಾಲಪ್ಪ ಗುಡ್ಡದ ಪಕ್ಕದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಅವನ ಆಳುಗಳು ಕೆಲಸ ಬಿಟ್ಟು ಸುತ್ತ ನೆರೆದಿದ್ದರು. ಅಂದರೆ ಮೊದಲೇ ಹೇಳಿ ಕರೆಸಿದ್ದ.

"ಹೆಂಗ್ ಒಡೆದ್ವು ಹಾಲಪ್ಪ?" ಎಂದೆ.

ಈ ಪ್ರಶ್ನೆಗಾಗಿ ಅವನು ಬಹಳ ದಿನಗಳಿಂದ ಕಾದಿದ್ದನೆಂದು ಕಾಣುತ್ತದೆ. ಆಕಾಶ ನೋಡಿದ, ನೆಲ ನೋಡಿದ, ಆಳುಗಳ ಕಡೆ ಒಮ್ಮೆ ತಿರುಗಿ, "ತಾನಾಗೇ ಒಡೆದ್ವು ಸಾರ್," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ; ನಗದೆ ವಿಧಿಯಿರಲಿಲ್ಲ. ಗುಡ್ಡ ಕೆದಕಿದಾಗ ಐದು ಗಡಿಗೆ ಮಾತ್ರ ಪೂರ್ತಿಯಾಗಿ ಸಿಕ್ಕವು. ಐದೂ ಐದು ಎತ್ತರ. ಒಂದರ ಹೊಟ್ಟೆ ಕಪ್ಪಾಗಿತ್ತು, ಇನ್ನೊಂದು ಯಾರದೋ ಮಾತು ಕೇಳುತ್ತಿರುವಂತೆ ಒಂದು ಕಡೆ ವಾಲಿತ್ತು. ಆದರೆ ಐದೂ ನಿಂತವು. ಮಡಿಲಲ್ಲಿ ಇಟ್ಟುಕೊಂಡು ಆಟೋದಲ್ಲಿ ಮನೆಗೆ ತಂದೆ. ಶೈಲಜಾ ಸುಣ್ಣ ಬಳಿದಳು, ಕೆಮ್ಮಣ್ಣಿನಲ್ಲಿ ಬಳ್ಳಿ ಬರೆದಳು, ವಾಲಿದ ಗಡಿಗೆಯ ಕೆಳಗೆ ಒಂದು ಚೂರು ರಟ್ಟು ಇಟ್ಟಳು. ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿರುವುದನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ಐರಾಣಿಯ ದಿನ ಬೆಳಿಗ್ಗೆ ವಿದ್ಯಾನಗರದ ನಮ್ಮ ಬೀದಿಗೆ ವಾಲಗ ಬಂತು. ಎದುರಿನ ಹಾಸ್ಟೆಲಿನ ಹುಡುಗರು ಬಾಲ್ಕನಿಗೆ ಬಂದು ನಿಂತರು. ರೇಷ್ಮೆ ಸೀರೆಗಳ ಸಾಲು, ಮುಂದೆ ಗಿರಿಜಕ್ಕ, ಪಕ್ಕದಲ್ಲಿ ಮದುಮಗಳು ಪೂಜಾ, ಅವಳ ಭುಜ ಹಿಡಿದು ಗಿರಿಜಕ್ಕನ ಅತ್ತೆ ಶಾಂತಮ್ಮಜ್ಜಿ. ಆ ಮನೆಯಲ್ಲಿ ಗಿರಿಜಕ್ಕ ಹೆದರುವುದು ಆಕೆಗೆ ಒಬ್ಬರಿಗೇ. ವಿಷಯ ಗೊತ್ತಾದಾಗ ಅಜ್ಜಿ ಒಂದೇ ಮಾತು ಅಂದಿದ್ದರಂತೆ: ಗಡಿಗೆ ಯಾರು ಮಾಡುತ್ತಾರೋ ಅವತ್ತಿನ ಮಟ್ಟಿಗೆ ಅವರೇ ಕುಂಬಾರರು, ಅವರ ಮನೆಯೇ ಕುಂಬಾರರ ಮನೆ, ಶಾಸ್ತ್ರ ಎಲ್ಲ ಅಲ್ಲೇ ಆಗಬೇಕು. ಹಾಗಾಗಿ ಹಿಂದಿನ ಸಂಜೆ ಬಾಷಾ ಭಾಯ್ ಬಂದು ತಿಗರಿಯನ್ನು ಮಹಡಿಯಿಂದ ಮುಂದಿನ ಅಂಗಳಕ್ಕೆ ಇಳಿಸಿ, ಒಂದು ಉದ್ದನೆಯ ವೈರು ಎಳೆದು ವರಾಂಡದ ಪ್ಲಗ್ಗಿಗೆ ಕೊಟ್ಟು ಹೋಗಿದ್ದರು. ಈಗಲೂ ಒಂದು ಮೂಲೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು, ತಮ್ಮ ಯಂತ್ರಕ್ಕೆ ಪೂಜೆಯಾಗುವುದನ್ನು ನೋಡಲು ನಿಂತಿದ್ದರು.

ವಾಷಿಂಗ್ ಮಷಿನ್ನಿನ ಅರ್ಧ ದೇಹಕ್ಕೆ ಅರಿಶಿನ ಕುಂಕುಮ ಹಚ್ಚಿದರು. ತಟ್ಟೆಯ ನಡುವೆ ಅಕ್ಕಿ ಹರಡಿ, ಮೇಲೆ ವೀಳ್ಯದೆಲೆ, ಅಡಿಕೆ, ಒಂದು ಹಿಡಿ ಕುಂಕುಮ, ಹೂವು, ನೆತ್ತಿಗೆ ಜುಟ್ಟಿನ ತೆಂಗಿನಕಾಯಿ ಇಟ್ಟರು. ಪಕ್ಕದ ಮಣೆಯ ಮೇಲೆ ನನ್ನ ಐದು ಗಡಿಗೆಗಳು ಸಾಲಾಗಿ ನಿಂತಿದ್ದವು. ಶೈಲಜಾಳಿಗೆ ಉಡಿ ತುಂಬಿದರು. ಗಿರಿಜಕ್ಕ ಗಡಿಗೆಗಳನ್ನು ನೋಡಿದರು, ಸೀರೆಯ ಸೆರಗು ಸರಿಪಡಿಸಿಕೊಂಡರು. ಶೈಲಜಾಳ ಮುಖದಲ್ಲಿ ನಾನು ಮದುವೆಯಾದ ಹೊಸದರಲ್ಲಿ ಕಂಡಿದ್ದ ಒಂದು ಬೆಳಕಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ತಿಗರಿ ಒಂದು ಸುತ್ತು ತಿರುಗಿಸ್ರಿ. ಕೈಲೆ ತಿರುಗಿಸಿದ್ರೂ ನಡೀತೈತೆ," ಎಂದರು ಅಜ್ಜಿ.

ನಾನು ಕೈ ಮುಂದೆ ಮಾಡಿದ್ದೆ. ಇದನ್ನು ಖಚಿತವಾಗಿ ಹೇಳುತ್ತೇನೆ. ಆಗ ಗಿರಿಜಕ್ಕ, "ಯಾಕ ಸಾಹೇಬ್ರೆ, ಕರೆಂಟಿಗೆ ತಿರುಗಲ್ಲೇನು? ಬರೀ ಶೋಕಿಗೆ ಇಟ್ಟೀರಾ?" ಎಂದರು. ಹಿಂದೆ ಇಬ್ಬರು ಮೂವರು ನಕ್ಕರು. ನಾನು ಕೈ ಹಿಂದಕ್ಕೆ ತೆಗೆದು, ವರಾಂಡಕ್ಕೆ ನಡೆದು, ನಿಧಾನವಾಗಿ ಎಲ್ಲರ ಮುಖ ನೋಡಿ, ಸ್ವಿಚ್ ಒತ್ತಿದೆ. ರೆಗ್ಯುಲೇಟರು ಮಹಡಿಯ ಹಲಗೆಯ ಮೇಲೇ ಉಳಿದಿದೆ ಎಂಬುದು ನನ್ನ ಬೆರಳಿಗೆ ನೆನಪಾಯಿತು. ಬೆರಳು ಅದಾಗಲೇ ತನ್ನ ಕೆಲಸ ಮುಗಿಸಿತ್ತು.

ಮೊದಲು ಹೋದದ್ದು ಅಕ್ಕಿ. ಅದು ಎಲ್ಲ ದಿಕ್ಕಿಗೂ ಸಮನಾಗಿ ಹೋಯಿತು. ಕೆಲವರು ಅಕ್ಷತೆ ಎಂದುಕೊಂಡು ತಲೆ ಬಗ್ಗಿಸಿದರು. ಅದರ ಹಿಂದೆ ಕುಂಕುಮ ಹೊರಟಿತು. ಅಂಗಳದಲ್ಲಿ ನಿಂತ ಪ್ರತಿ ರೇಷ್ಮೆ ಸೀರೆಯ ಮೇಲೂ ಸೊಂಟದ ಎತ್ತರಕ್ಕೆ ಒಂದು ಕೆಂಪು ಗೆರೆ ಬಂತು, ಅಳತೆಕೋಲು ಇಟ್ಟು ಎಳೆದಂತೆ, ಯಾರನ್ನೂ ಬಿಡದೆ. ಒಂದು ವೀಳ್ಯದೆಲೆ ವಾಲಗದವನ ಕನ್ನಡಕಕ್ಕೆ ಅಂಟಿತು. ಅವನು ಊದುವುದನ್ನು ನಿಲ್ಲಿಸಲಿಲ್ಲ. ತೆಂಗಿನಕಾಯಿ ಮಾತ್ರ ನಡುವೆ ನಿಂತಲ್ಲೇ ತಿರುಗುತ್ತ ಸ್ವಲ್ಪ ಹೊತ್ತು ಯೋಚಿಸಿತು. ಆಮೇಲೆ ಒಂದು ಕಡೆ ವಾಲಿ, ನಿರ್ಧಾರಕ್ಕೆ ಬಂದು, ಮಣೆಯ ಕಡೆಗೆ ಹೊರಟಿತು. ಮೊದಲ ಗಡಿಗೆಗೆ ಅದೇ ತಗುಲಿತು. ಎರಡನೆಯದಕ್ಕೆ ಮೊದಲನೆಯದು ತಗುಲಿತು. ಮೂರು, ನಾಲ್ಕು ಅದೇ ದಾರಿ ಹಿಡಿದವು. ಐದನೆಯದು, ವಾಲಿಕೊಂಡಿದ್ದದ್ದು, ಯಾರೂ ಮುಟ್ಟದಿದ್ದರೂ ಉಳಿದವರನ್ನು ನೋಡಿ ರಟ್ಟಿನ ಚೂರಿನಿಂದ ಜಾರಿ ಕೆಳಗೆ ಬಿತ್ತು. ಅದೊಂದು ತಾನಾಗಿಯೇ ಒಡೆಯಿತು ಎನ್ನಬಹುದು. ತೆಂಗಿನಕಾಯಿ ಗೇಟಿನವರೆಗೆ ಉರುಳಿ ನಿಂತಿತು. ಅದು ಒಡೆದಿರಲಿಲ್ಲ.

ಬಾಷಾ ಭಾಯ್ ಓಡಿಬಂದು ಪ್ಲಗ್ಗು ಕಿತ್ತರು. ವಾಲಗ ನಿಂತಿತು. ಪೂಜಾಳ ಕಣ್ಣಲ್ಲಿ ನೀರು ತುಂಬಿಕೊಂಡಿತು. ಗಿರಿಜಕ್ಕ ತಮ್ಮ ಸೀರೆಯ ಗೆರೆ ನೋಡಿದರು, ಗಡಿಗೆಯ ಚೂರು ನೋಡಿದರು, ನನ್ನನ್ನು ನೋಡಿದರು. "ಇದು ಹೆಂಗ್ ಒಡೀತು?" ಎಂದರು.

ಕಾಯಿ ಇಟ್ಟವರು ಯಾರು, ಕೆಣಕಿದವರು ಯಾರು, ಸ್ವಿಚ್ ಒತ್ತಿದವರು ಯಾರು, ರೆಗ್ಯುಲೇಟರು ಎಲ್ಲಿತ್ತು, ಎಲ್ಲಕ್ಕೂ ಸಾಕ್ಷಿಯಾಗಿ ನಾನೊಬ್ಬನೇ ಸಾಕಾಗಿತ್ತು. ಶೈಲಜಾಳ ಕಡೆ ನೋಡಿದೆ. ಅವಳ ಬೆಳಕು ಆರಿತ್ತು. ನನ್ನ ಬಾಯಿಂದ ಬಂದದ್ದು ಹೀಗೆ: "ತಾನಾಗೇ ಒಡೀತು."

"ನಾನು ಅವತ್ತೇ ಅಂದಿದ್ದೆ ಶೈಲಾ..." ಎಂದು ಗಿರಿಜಕ್ಕ ಶುರುಮಾಡಿದರು.

"ನೀ ಬಾಯ್ಮುಚ್ಚು," ಎಂದರು ಶಾಂತಮ್ಮಜ್ಜಿ. ಆಕೆ ಸೆರಗಿನಿಂದ ಅಕ್ಕಿ ಕೊಡವಿಕೊಳ್ಳುತ್ತಿದ್ದರು. "ನಮ್ಮ ಹೊಸ್ತಿಲು ದಾಟಿದ ಮ್ಯಾಲೆ ಒಡೆದ್ರೆ ನಮಗೆ ಕೆಟ್ಟದ್ದು. ಕುಂಬಾರ್ರ ಮನ್ಯಾಗ ಒಡೆದದ್ದು ಕುಂಬಾರ್ರ ಹಣೇಬರ. ನಮಗೇನೈತೆ? ಅಳಬ್ಯಾಡ ನಡಿ ಪೂಜಾ. ಶೈಲಾ, ಕುಂಬಾರ್ರ ಮನ್ಯಾಗ ಐದೇ ಗಡಿಗಿ ಇರ್ತಾವೇನು? ಒಳಗಿಂದು ತಗಂಬಾ."

ಸರಕು ಕೈ ಬದಲಾಗುವ ಮುಂಚೆ ಆದ ನಷ್ಟ ಮಾರುವವನದು. ಈ ನಿಯಮದ ಮೇಲೆ ನಾನು ವರ್ಷಗಟ್ಟಲೆ ವರದಿ ಬರೆದಿದ್ದೇನೆ; ಅಜ್ಜಿ ಒಂದು ಉಸಿರಿನಲ್ಲಿ ನನ್ನ ಮೇಲೆಯೇ ತೀರ್ಪು ಕೊಟ್ಟರು. ಕೆಟ್ಟ ಶಕುನ ಪೂರ್ತಿಯಾಗಿ ನನ್ನ ತಲೆಗೆ ಬಂದು, ಮದುವೆ ಉಳಿಯಿತು. ಆದರೆ ಒಳಗಿಂದು ಎಲ್ಲಿಂದ ತರುವುದು? ಒಳಗೆ ಇದ್ದದ್ದು ಬೂದಿಬಟ್ಟಲುಗಳು. ಬೂದಿಬಟ್ಟಲನ್ನು ತಲೆಯ ಮೇಲೆ ಹೊತ್ತು ವಾಲಗದೊಂದಿಗೆ ಹೋಗುವ ಹೆಂಗಸರನ್ನು ನಾನು ಕಲ್ಪಿಸಿಕೊಳ್ಳುತ್ತ ನಿಂತಿದ್ದಾಗ, ಶೈಲಜಾ ಅವಸರವಿಲ್ಲದೆ ಒಳಗೆ ಹೋದಳು. ಅಲ್ಮೇರಾದ ಬಾಗಿಲು ತೆರೆದ ಸದ್ದು ಕೇಳಿತು. ಹೊರಗೆ ಬಂದಾಗ ಅವಳ ಕೈಯಲ್ಲಿ ಎರಡು ಗಡಿಗೆ. ಮತ್ತೆ ಹೋಗಿ ಎರಡು. ಮತ್ತೆ ಹೋಗಿ ಒಂದು. ಐದೂ ಒಂದೇ ಎತ್ತರ, ತೆಳು ಅಂಚು, ಕುತ್ತಿಗೆಗೆ ಸುತ್ತ ಉಂಗುರದಂಥ ಗೆರೆ, ಸುಣ್ಣ ಬಳಿದು ಕೆಮ್ಮಣ್ಣಿನ ಬಳ್ಳಿ ಬರೆದು ಸಿದ್ಧವಾಗಿದ್ದವು. ಆ ಕುತ್ತಿಗೆಯ ಗೆರೆಯನ್ನು ಹರಿಹರದ ಓಣಿಯಲ್ಲಿ ನಾನು ನೋಡಿದ್ದೆ. ದೇವರ ಪ್ರಸಾದದ ತೂಕ ಆಗ ಸರಿಹೊಂದಿತು. ವಿಮೆಯ ಅನ್ನ ತಿಂದು ಬೆಳೆದವನು ನಾನು. ವಿಮೆ ಮಾಡಿಸಿದವಳು ಅವಳು. ಅದೂ ನನ್ನ ಮೇಲೆ.

"ಅಬ್ಬ! ಇಂಥವು ಇದ್ದಾಗ ಆ ಸೊಟ್ಟವು ಯಾಕ ಮುಂದಿಟ್ಟಿದ್ರಿ?" ಎಂದು ಅಜ್ಜಿ ಗಡಿಗೆಯನ್ನು ಬೆರಳಿಂದ ಬಡಿದು ನೋಡಿದರು. ಅದು ಗಂಟೆಯಂತೆ ದನಿ ಕೊಟ್ಟಿತು. ಹೆಂಗಸರೆಲ್ಲ ಬಂದು ನೋಡಿದರು. ಗಿರಿಜಕ್ಕ ಒಂದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಅವರ ಬಾಯಿಂದ ನಾನು ಕೇಳುವೆನೆಂದು ಎಣಿಸದಿದ್ದ ಮಾತನ್ನು ಹೇಳಿದರು: "ನಿಲ್ಲಂಗೆ ಮಾಡ್ಯಾನವ್ವ." ಶೈಲಜಾ ನನ್ನ ಕಡೆ ನೋಡಲೇ ಇಲ್ಲ. ನಾನು ಸತ್ಯ ಹೇಳಲು ಅಲ್ಲಿ ಒಂದು ಎಡೆ ಇತ್ತು. ವಾಲಗ ಶುರುವಾಗಿ ಅದು ಮುಚ್ಚಿಕೊಂಡಿತು ಎಂದು ನಾನು ಇಂದಿಗೂ ಹೇಳಿಕೊಳ್ಳುತ್ತೇನೆ. ಮದುವೆಯ ಊಟದ ಪಂಕ್ತಿಯಲ್ಲಿ ಯಾರೋ, "ಅಂಚು ಅಷ್ಟು ತೆಳ್ಳಗೆ ಹೆಂಗೆ ತರ್ತೀರಿ?" ಎಂದು ಕೇಳಿದಾಗ ಮಾತ್ರ ವಾಲಗ ಇರಲಿಲ್ಲ. "ಎಲ್ಲಾ ಹೆಬ್ಬೆರಳಲ್ಲಿ ಐತೆ," ಎಂದೆ. ಹೋಳಿಗೆ ಬಡಿಸಲು ಬರುವವರೆಗೂ ಹೆಬ್ಬೆರಳಿನ ಬಗ್ಗೆ ಮಾತಾಡಿದೆ.

ಈಗ ಗಿರಿಜಕ್ಕ ಪೂಜಾಳ ಹೊಸ ಮನೆಗೆಂದು ಇಂಥವೇ ಗಡಿಗೆಗಳನ್ನು ಮಾಡಿಕೊಡಲು ಹೇಳಿದ್ದಾರೆ. ಹೇಳುವಾಗ 'ಸಾಹೇಬ್ರೆ' ಎಂದದ್ದು ಈ ಸಲ ಗೌರವದಿಂದ. ಹಾಗಾಗಿ ಮೊನ್ನೆ ಹರಿಹರಕ್ಕೆ ಹೋಗಿದ್ದೆ. ಗೌರಮ್ಮ ನನ್ನನ್ನು ಕಂಡವಳೇ, "ಮಣ್ಣೋ, ಮಾಲೋ?" ಎಂದು ಕೇಳಿ, "ನಿಮ್ಮ ಮನ್ಯಾರು ಹುಷಾರಿ ಬಿಡ್ರಿ. ಅಕ್ಕಂಗೆ ಮಾತು ಕೊಟ್ಟ ಮರುದಿನಾನೇ ಬಂದು ಐದು ಹೇಳಿ ಹೋಗಿದ್ರು," ಎಂದಳು. ಮರುದಿನ. ಅಂದರೆ "ಒಂದ್ಸಲ ನಿಲ್ಲಂಗೆ ಮಾಡ್ರಿ" ಎಂದು ಸೌಟು ತೊಳೆದವಳು, ಸೌಟು ಒಣಗುವ ಮೊದಲೇ ಬಸ್ಸು ಹತ್ತಿದ್ದಳು. ಗಡಿಗೆಗಳನ್ನು ಕಟ್ಟಿಸಿಕೊಂಡೆ. ಈ ಸಲ ಚೌಕಾಸಿ ಮಾಡಲಿಲ್ಲ; ನನ್ನ ಹೆಸರಿನ ಪ್ರಶ್ನೆ. ಗಡಿಗೆ ಕೊಂಡು ತಂದು ನಾನೇ ಮಾಡಿದ್ದು ಎನ್ನುವುದಕ್ಕಿಂತ ಕಡಿಮೆ ಖರ್ಚಿನ ಕುಂಬಾರಿಕೆ ಬೇರೊಂದಿಲ್ಲ ಎಂದು ನನ್ನಂಥ ಆರಂಭಿಕರಿಗೆ ಹೇಳಬಯಸುತ್ತೇನೆ. ಅಂಗಿಯೂ ಬೆಳ್ಳಗೆ ಉಳಿಯುತ್ತದೆ.

ಬರುವ ದಾರಿಯಲ್ಲಿ ಗುತ್ತೂರಿನಲ್ಲಿ ಇಳಿಯಬೇಕಾಯಿತು. ಹಾಲಪ್ಪನ ಟ್ರ್ಯಾಕ್ಟರಿನ ಹೆಡ್‌ಲೈಟುಗಳು ಮತ್ತೆ ಹೋಗಿದ್ದವು. ತಪಾಸಣೆ ನನಗೇ ಬಂದಿತ್ತು. ಟ್ರ್ಯಾಕ್ಟರು ಶೆಡ್ಡಿನಲ್ಲಿ ನಿಂತಿತ್ತು. ಗೋಡೆಯಲ್ಲಿ ಈಗ ನಾಲ್ಕು ತೂತುಗಳಿದ್ದವು. ನಾನು ಸುತ್ತ ನಡೆದೆ, ಬಗ್ಗಿ ನೋಡಿದೆ, ಫೋಟೋ ತೆಗೆದೆ. ಕಂಕುಳಲ್ಲಿದ್ದ ಗಡಿಗೆಗಳ ಗಂಟನ್ನು ಹಾಲಪ್ಪ ನೋಡಿದ, ಕುತ್ತಿಗೆಯ ಗೆರೆ ನೋಡಿದ, ನನ್ನ ಮುಖ ನೋಡಿದ. ಇಟ್ಟಿಗೆ ಸುಡುವವನಿಗೆ ಮಣ್ಣಿನ ಗುರುತು ಸಿಗುತ್ತದೆ; ಇವು ನನ್ನ ಕೈಯವಲ್ಲ ಎಂದು ಅವನಿಗೆ ತಿಳಿಯಿತು.

"ಹೆಂಗ್ ಒಡೀತು ಹಾಲಪ್ಪ?" ಎಂದೆ.

"ನೀವೇ ಹೇಳ್ರಿ ಸಾರ್," ಎಂದ.

ಗಂಟನ್ನು ಜೋಪಾನವಾಗಿ ಕೆಳಗಿಟ್ಟು, ಪೆನ್ನು ತೆಗೆದು, ಕಾರಣ ಬರೆಯುವ ಜಾಗದಲ್ಲಿ 'ತಾನಾಗಿಯೇ' ಎಂದು ಬರೆದೆ.